ಒಂದೇ ಕಡೆ ತೆರೆಯುವ ಬಾಗಿಲು

ಬಾಡಿಗೆ ಮನೆ ನೋಡೋಕೆ ಹೋದಾಗ ನಾವೆಲ್ಲ ಏನು ಕೇಳ್ತೀವಿ? ಪಾರ್ಕಿಂಗ್ ಇದ್ಯಾ, ಕಾವೇರಿ ನೀರು ಬರುತ್ತಾ, ಅಡ್ವಾನ್ಸ್ ಎಷ್ಟು. ‘ನಾನ್ ರಿಟರ್ನ್ ವಾಲ್ವ್ ಹಾಕ್ಸಿದ್ದೀರಾ?’ ಅಂತ ಯಾರೂ ಕೇಳಲ್ಲ.

ಪ್ಲಂಬರ್‌ಗಳ ಬಾಯಲ್ಲಿ ಅದು ‘ಎನ್‌ಆರ್‌ವಿ’. ನೀರನ್ನು ಒಂದೇ ದಿಕ್ಕಿಗೆ ಬಿಡೋದಷ್ಟೇ ಅದರ ಕೆಲಸ. ಒಳಗೊಂದು ಪುಟ್ಟ ಬಾಗಿಲು ನೇತಾಡ್ತಿರುತ್ತೆ. ನೀರು ಮುಂದಕ್ಕೆ ನುಗ್ಗಿದರೆ ತೆರೆದುಕೊಳ್ಳುತ್ತೆ. ವಾಪಸ್ ಬರೋಕೆ ಹೊರಟರೆ, ಆ ನೀರೇ ಬಾಗಿಲನ್ನು ಒತ್ತಿ ಮುಚ್ಚುತ್ತೆ. ಕರೆಂಟ್ ಬೇಡ, ಸ್ವಿಚ್ ಬೇಡ. ನಮ್ಮ ಹೃದಯದಲ್ಲೂ ಇಂಥ ಬಾಗಿಲುಗಳು ನಾಲ್ಕಿವೆ.

ಸಂಪಿನೊಳಗಿನ ಪೈಪಿನ ತುದಿಯಲ್ಲಿರೋ ಫುಟ್ ವಾಲ್ವ್ ಕೂಡ ಇದೇ ಜಾತಿ. ಮೋಟರ್ ಆಫ್ ಆದ ಮೇಲೂ ಪೈಪಿನಲ್ಲಿ ನೀರು ಹಿಡಿದಿಡುತ್ತೆ. ಅದರ ಬಾಯಿಗೆ ಕಸ ಸಿಕ್ಕರೆ ನೀರೆಲ್ಲ ಸಂಪಿಗೆ ಇಳಿದುಹೋಗಿ, ಮೋಟರ್ ಬರಿದೇ ತಿರುಗುತ್ತೆ. ‘ಏರ್ ಹಿಡ್ಕೊಂಡಿದೆ’ ಅಂತ ಅಮ್ಮಂದಿರು ಚೊಂಬು ಹಿಡಿದು ಮೋಟರಿಗೆ ನೀರು ಸುರಿಯೋದು ಆಗಲೇ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಮೂರು ಹಂತದಲ್ಲಿ ಪಂಪ್ ಆಗಿ ಬೆಂಗಳೂರಿಗೆ ಹತ್ತಿ ಬರುತ್ತೆ ಕಾವೇರಿ. ಹೀಗೆ ಏರಿಸಿದ ನೀರು, ಪಂಪ್ ನಿಂತಾಗ ಹಿಂದಕ್ಕೆ ನುಗ್ಗದಂತೆ ತಡೆಯೋಕೂ ಇಂಥ ವಾಲ್ವ್‌ಗಳೇ ಬೇಕು.

ನನಗೆ ಇದರ ಬೆಲೆ ಗೊತ್ತಾಗಿದ್ದು ಮಾತ್ರ ಕೊಳಚೆ ನೀರಿನಿಂದ. ನಮ್ಮದು ನೆಲಮಹಡಿ ಮನೆ, ರಸ್ತೆಗಿಂತ ತುಸು ತಗ್ಗು. ಎರಡು ವರ್ಷದ ಹಿಂದೆ ಒಂದು ರಾತ್ರಿ ಮಳೆ ಜೋರಾದಾಗ, ಬಾತ್‌ರೂಮಿನ ತೂತಿನಿಂದ ಕಪ್ಪು ನೀರು ಉಕ್ಕಿ ಹಾಲ್‌ವರೆಗೂ ಬಂತು. ಅಮ್ಮನಿಗೆ ಶುಗರ್, ಕಾಲಲ್ಲಿ ಮಾಯದ ಗಾಯ. ಆ ನೀರು ತಾಗಬಾರದು ಅಂತ ಬೆಳಗಿನವರೆಗೂ ಮಂಚದ ಮೇಲೇ ಕಾಲು ಮಡಚಿ ಕೂತಿದ್ದರು. ಮೇಲಿನ ಮನೆಯವರಿಗೆ ಏನೂ ಆಗಿರಲಿಲ್ಲ.

ಕಾರಣ ಸರಳ. ರಸ್ತೆಯ ದೊಡ್ಡ ಒಳಚರಂಡಿ ತುಂಬಿದರೆ ನೀರು ಹೊರಬರೋಕೆ ಅತಿ ತಗ್ಗಿನ ಬಾಯಿ ಹುಡುಕುತ್ತೆ. ನಮ್ಮ ಬೀದಿಯಲ್ಲಿ ಆ ಬಾಯಿ ನಮ್ಮ ಬಾತ್‌ರೂಮು. ಮನೆಯ ಚೇಂಬರ್‌ನಿಂದ ರಸ್ತೆಗೆ ಹೋಗೋ ಪೈಪಿಗೆ ವಾಲ್ವ್ ಹಾಕಿಸಿದೆವು. ಬಾಗಿಲು ಹೊರಗಡೆಗೆ ಮಾತ್ರ ತೆರೆಯುತ್ತೆ.

ಆದರೆ ಪ್ಲಂಬರ್ ಹೋಗುವಾಗ ಒಂದು ಮಾತು ಹೇಳಿದರು: ‘ಅದು ಮುಚ್ಕೊಂಡಾಗ ಹೊರಗಿನದು ಒಳಗೆ ಬರಲ್ಲ ಸಾರ್. ಆದ್ರೆ ನಿಮ್ದೂ ಹೊರಗೆ ಹೋಗಲ್ಲ.’ ಅಂದ್ರೆ ಮಳೆ ಸುರಿಯೋವಾಗ ಮೇಲಿನ ಮನೆಯವರು ಬಟ್ಟೆ ಒಗೆದರೂ ಆ ನೀರು ಬಂದು ನಿಲ್ಲೋದು ನಮ್ಮ ಮನೆಯಲ್ಲೇ. ಎರಡೂ ಮನೆಗೆ ಪೈಪ್ ಒಂದೇ ತಾನೆ?

ಹೋಗಿ ಹೇಳೋಕೆ ಮುಜುಗರ. ‘ಮಳೆ ಬಂದಾಗ ನೀರು ಬಿಡಬೇಡಿ’ ಅಂತ ಯಾರ ಮನೆ ಬಾಗಿಲು ತಟ್ಟೋದು? ಕೊನೆಗೆ ಅಮ್ಮನೇ ಕೋಡುಬಳೆ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದರು. ಏನು ಹೇಳಿದರೋ, ಆಮೇಲೆ ಮಳೆ ಶುರುವಾದರೆ ವಾಟ್ಸ್ಆ್ಯಪ್‌ನಲ್ಲಿ ಮೇಲಿನವರದ್ದೇ ಮೊದಲ ಮೆಸೇಜ್: ‘ಆಂಟಿ, ಮಷಿನ್ ಆಫ್ ಮಾಡಿದ್ದೀವಿ.’

ನೀವೂ ತಗ್ಗಿನ ಮನೆಯಲ್ಲಿದ್ದರೆ ಮಳೆಗಾಲಕ್ಕೆ ಮುಂಚೆ ಒಮ್ಮೆ ಚೇಂಬರ್ ತೆಗೆಸಿ, ಆ ಬಾಗಿಲಿಗೆ ಸಿಕ್ಕ ಕೂದಲು, ಪ್ಲಾಸ್ಟಿಕ್ ತೆಗೆಸಿಬಿಡಿ. ಒಂದು ಶಾಂಪೂ ಸ್ಯಾಶೆ ಅಡ್ಡ ಸಿಕ್ಕರೂ ಅದು ಪೂರ್ತಿ ಮುಚ್ಚಲ್ಲ. ಹಾಗೇ ಮೇಲಿನ ಮನೆಯವರನ್ನೂ ಒಮ್ಮೆ ಮಾತಾಡಿಸಿ.