ಗೆದ್ದವರ ಕೋಟೆಗೆ ಸೋತವರ ಹೆಸರು

ಯೂರೋಪಿನ ವಿಜ್ಞಾನ ಸಮ್ಮೇಳನಗಳಲ್ಲಿ ಒಂದು ಒಳ್ಳೆಯ ರೂಢಿಯಿದೆ. ವಾರದ ನಡುವೆ ಒಂದು ದಿನ ಭಾಷಣ, ಚರ್ಚೆ ಎಲ್ಲಕ್ಕೂ ಬಿಡುವು. ಬಂದ ಅತಿಥಿಗಳನ್ನು ಬಸ್ಸಿನಲ್ಲಿ ಕೂರಿಸಿ, ಮಧ್ಯಾಹ್ನದ ಊಟಕ್ಕೆ ಏರ್ಪಾಡು ಮಾಡಿ, ಆ ಸೀಮೆಯನ್ನು ಚೆನ್ನಾಗಿ ಬಲ್ಲವರೊಬ್ಬರನ್ನು ಜೊತೆಗೆ ಕಳಿಸಿ ಸುತ್ತಾಡಿಸಿಕೊಂಡು ಬರುತ್ತಾರೆ. ಅದು ಕಾಲಹರಣವೆಂದು ಕೋಣೆಯಲ್ಲೇ ಉಳಿದು ಮರುದಿನದ ಭಾಷಣ ತಿದ್ದುವವರೂ ಇದ್ದಾರೆ. ಅವರನ್ನು ಕಂಡರೆ ನನಗೆ ಮರುಕ. ಹೊರನಾಡಿನಲ್ಲಿ ಕೇಳಿದ ಎಷ್ಟೋ ಭಾಷಣಗಳು ಮರೆತುಹೋಗಿವೆ. ತುಲೂಸ್ ನಗರದಿಂದ ಕೋರ್ಬಿಯೇರ್ ಬೆಟ್ಟಗಳ ಕೋಟೆಗಳಿಗೆ ಹೋದ ಆ ಒಂದು ದಿನ ಮಾತ್ರ ಮೊನ್ನೆ ನಡೆದದ್ದೇನೋ ಎಂಬಷ್ಟು ನಿಚ್ಚಳವಾಗಿ ಉಳಿದಿದೆ.

ತುಲೂಸ್ ದಕ್ಷಿಣ ಫ್ರಾನ್ಸಿನ ದೊಡ್ಡ ಊರು. ಏರ್‌ಬಸ್ ವಿಮಾನಗಳ ಕಾರ್ಖಾನೆ ಅಲ್ಲಿದೆ, ಫ್ರೆಂಚರ ಬಾಹ್ಯಾಕಾಶ ಸಂಸ್ಥೆಯ ದೊಡ್ಡ ಕೇಂದ್ರವೂ ಅಲ್ಲಿದೆ. ಬೆಂಗಳೂರಿನಿಂದ ಹೋದವರಿಗೆ ಕೆಂಪು ಇಟ್ಟಿಗೆಯ ಆ ಊರು ಬೇಗ ಒಗ್ಗಿಬಿಡುತ್ತದೆ. ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು ನೆಲದ ತೇವ, ಕೆರೆಗಳ ನೀರು ಅಳೆಯುವವರ ಸಮ್ಮೇಳನ ನಮ್ಮದು. ಭೂಮಿಯನ್ನು ಸದಾ ನೂರಾರು ಕಿಲೋಮೀಟರ್ ಮೇಲಿನಿಂದ ನೋಡುವ ನಮ್ಮನ್ನೆಲ್ಲ ಬೆಳಗಾಗುತ್ತಲೇ ಬಸ್ಸಿಗೆ ಹತ್ತಿಸಿದರು. ಕೈಗೆ ಕೊಟ್ಟ ಹಾಳೆಯಲ್ಲಿ ಇದ್ದದ್ದು 'ಕ್ಯಾಥರ್ ಕೋಟೆಗಳು' ಎಂಬ ಶೀರ್ಷಿಕೆ.

ಮಾರ್ಗದರ್ಶಿಯಾಗಿ ಬಂದವರು ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಹೆಂಗಸು. ಬಸ್ಸು ಹೆದ್ದಾರಿ ಹಿಡಿದ ಮೇಲೆ ಆಕೆ ಕ್ಯಾಥರರ ಕಥೆ ತೆಗೆದರು. ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆಯಲ್ಲಿ ಬೇರು ಬಿಟ್ಟ ಕ್ರೈಸ್ತ ಪಂಥ ಅದು. ಒಳ್ಳೆಯ ದೇವರು ಸೃಷ್ಟಿಸಿದ್ದು ಆತ್ಮವನ್ನು ಮಾತ್ರ, ಕಣ್ಣಿಗೆ ಕಾಣುವ ಈ ಜಡ ಜಗತ್ತು ಕೇಡಿನ ಶಕ್ತಿಯ ಕೈಕೆಲಸ ಎಂದು ಅವರು ನಂಬಿದ್ದರು. ಅವರಲ್ಲಿ ದೀಕ್ಷೆ ಪಡೆದವರು ಆಣೆ ಇಡುತ್ತಿರಲಿಲ್ಲ, ಕೊಲ್ಲುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ. ಹೆಂಗಸರಿಗೂ ದೀಕ್ಷೆಯಿತ್ತು. ರೋಮಿನ ಚರ್ಚಿಗೆ ಇದು ಸಹಿಸಲಾಗದ ಮಾತು. 1208ರಲ್ಲಿ ಪೋಪರ ಪ್ರತಿನಿಧಿಯೊಬ್ಬನ ಕೊಲೆಯಾಯಿತು; ಮರುವರ್ಷ ಪೋಪ್ ಮೂರನೆಯ ಇನ್ನೊಸೆಂಟ್ ಕರೆಕೊಟ್ಟ ಧರ್ಮಯುದ್ಧ ಆರಂಭವಾಯಿತು. ಕ್ರೈಸ್ತರು ಕ್ರೈಸ್ತರ ಮೇಲೆಯೇ ಸಾರಿದ ಯುದ್ಧ. 1209ರ ಜುಲೈ 22ರಂದು ಬೆಜ಼ಿಯೇ ಪಟ್ಟಣಕ್ಕೆ ನುಗ್ಗಿದ ಸೈನ್ಯ ಪಂಥಭೇದವನ್ನೂ ನೋಡದೆ ಊರವರನ್ನು ಕಡಿದುಹಾಕಿತು. ಆ ದಿನ ಪೋಪರ ಇನ್ನೊಬ್ಬ ಪ್ರತಿನಿಧಿ ಆಡಿದನೆಂದು ಜಗತ್ತೆಲ್ಲ ಹೇಳುವ ಒಂದು ಕ್ರೂರ ಮಾತಿದೆ: ಎಲ್ಲರನ್ನೂ ಕೊಲ್ಲಿ, ತನ್ನವರು ಯಾರೆಂದು ದೇವರಿಗೆ ಗೊತ್ತು. ಬಸ್ಸಿನಲ್ಲಿದ್ದ ಯಾರೋ ಅದನ್ನು ನೆನಪಿಸಿದರು. ಆಕೆ ತಡೆದರು. ಅದನ್ನು ಬರೆದಿಟ್ಟವನು ದೂರದ ಜರ್ಮನಿಯ ಸನ್ಯಾಸಿ, ಬರೆದದ್ದು ಎಷ್ಟೋ ವರ್ಷಗಳ ಮೇಲೆ, ಅವನು ಕಣ್ಣಾರೆ ಕಂಡವನಲ್ಲ. ಕೊಲೆ ನಡೆದದ್ದಂತೂ ನಿಜ, ಅದಕ್ಕೆ ಅಲಂಕಾರ ಬೇಕಾಗಿಲ್ಲ ಎಂದರು. ಆ ಕ್ಷಣದಿಂದ ನಾನು ಅವರ ಮಾತನ್ನು ಪೂರ್ತಿ ನಂಬಿದೆ.

ಇಪ್ಪತ್ತು ವರ್ಷ ನಡೆದ ಯುದ್ಧ 1229ರ ಒಪ್ಪಂದದಿಂದ ಮುಗಿಯಿತು. ತುಲೂಸ್‌ನ ಕೌಂಟ್ ಏಳನೆಯ ರೇಮಂಡ್ ಫ್ರಾನ್ಸಿನ ರಾಜನೆದುರು ತಲೆಬಾಗಿದ. ಒಪ್ಪಂದದ ಷರತ್ತುಗಳಲ್ಲಿ ಒಂದು, ತುಲೂಸಿನಲ್ಲಿ ವಿಶ್ವವಿದ್ಯಾಲಯ ತೆರೆಯಬೇಕು, ಅಲ್ಲಿನ ಉಪಾಧ್ಯಾಯರ ಸಂಬಳವನ್ನು ಸೋತ ಕೌಂಟನೇ ಹತ್ತು ವರ್ಷ ಕೊಡಬೇಕು ಎಂಬುದು. ಪಾಷಂಡ ಮತವನ್ನು ವಾದದಿಂದ ಅಡಗಿಸುವ ಪಂಡಿತರನ್ನು ತಯಾರು ಮಾಡುವುದು ಅದರ ಉದ್ದೇಶ. ಇಂದು ಜಗತ್ತಿನ ವಿದ್ಯಾರ್ಥಿಗಳೆಲ್ಲ ಬಂದು ಸೇರುವ ಆ ವಿದ್ಯಾಪೀಠ ಹುಟ್ಟಿದ್ದು ಹೀಗೆ ಎಂದು ಕೇಳಿ ಬಸ್ಸು ಸ್ವಲ್ಪ ಹೊತ್ತು ಮೌನವಾಗಿತ್ತು.

ಕಾರ್ಕಸೋನ್ ಕೋಟೆಯ ಮೊನಚು ಛಾವಣಿಗಳು ಕಿಟಕಿಯಿಂದಲೇ ಕಂಡು ಮರೆಯಾದವು. ಹತ್ತೊಂಬತ್ತನೆಯ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೋಲೆ-ಲೆ-ದ್ಯುಕ್ ಜೀರ್ಣೋದ್ಧಾರ ಮಾಡಿದ ಆ ಕೋಟೆಗೆ ಪ್ರವಾಸಿಗರ ಜಾತ್ರೆ. ನಮ್ಮ ದಾರಿ ಇನ್ನೂ ಮುಂದಿತ್ತು. ನಾರ್ಬೋನ್ ದಾಟಿ, ದಕ್ಷಿಣಕ್ಕೆ ಇಳಿದು, ಮೋರಿ ಎಂಬ ಹಳ್ಳಿಯ ದ್ರಾಕ್ಷಿತೋಟಗಳ ನಡುವೆ ಹಾದು ಬಸ್ಸು ಘಾಟಿ ಹತ್ತಿತು. ಕಪ್ಪು ಪದರಗಲ್ಲಿನ ನೆಲ, ಮೊಳಕಾಲೆತ್ತರದ ದ್ರಾಕ್ಷಿ ಗಿಡ, ಮೇಲೆ ಬೋಳು ಸುಣ್ಣಕಲ್ಲಿನ ಏಣು. ಆ ಏಣಿನ ತುದಿಯಲ್ಲಿ, 728 ಮೀಟರ್ ಎತ್ತರದಲ್ಲಿ, ಬಂಡೆಯೇ ಮೇಲೆದ್ದು ಗೋಡೆಯಾದಂತೆ ಕೆರಿಬ್ಯೂಸ್ ಕೋಟೆ ನಿಂತಿದೆ.

ಹತ್ತುವ ಮೊದಲು ನಮ್ಮನ್ನೆಲ್ಲ ಒಂದೆಡೆ ನಿಲ್ಲಿಸಿಕೊಂಡು ಆಕೆ ಹೇಳಿದ ಮಾತು ಇಡೀ ಪ್ರವಾಸದ ತಿರುಳು. ನೀವೀಗ ನೋಡಲಿರುವ ಗೋಡೆಗಳಲ್ಲಿ ಬಹುಪಾಲು ಕ್ಯಾಥರರ ಕಾಲದ್ದಲ್ಲ; ಅವರನ್ನು ಮುಗಿಸಿದ ರಾಜರು ಆಮೇಲೆ ಕಟ್ಟಿಸಿದ್ದು. ಕ್ಯಾಥರರು ಕೋಟೆ ಕಟ್ಟಿದ ಜನವಲ್ಲ. ಅವರ ಮೇಲೆ ಒಲವಿದ್ದ ಸ್ಥಳೀಯ ಪಾಳೆಯಗಾರರು ತಮ್ಮ ಬೆಟ್ಟಗಳಲ್ಲಿ ಅವರಿಗೆ ಆಸರೆ ಕೊಟ್ಟಿದ್ದರು, ಅಷ್ಟೇ. 1244ರ ಮಾರ್ಚ್ 16ರಂದು ಮೋಂಸೆಗೂರ್ ಬೆಟ್ಟದ ಬುಡದಲ್ಲಿ, ನಂಬಿಕೆ ಬಿಡಲೊಪ್ಪದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಬೆಂಕಿಗೆ ಹಾಕಿದರು. ಕೊನೆಯ ಆಸರೆಯಾಗಿ ಉಳಿದಿದ್ದ ಈ ಕೆರಿಬ್ಯೂಸ್ 1255ರಲ್ಲಿ ರಾಜನ ವಶವಾಯಿತು. ಮೂರು ವರ್ಷ ಕಳೆದು, 1258ರಲ್ಲಿ, ಫ್ರಾನ್ಸಿನ ಒಂಬತ್ತನೆಯ ಲೂಯಿಗೂ ಅರಗಾನಿನ ದೊರೆ ಜೇಮ್ಸನಿಗೂ ಕೋರ್ಬೇ ಒಪ್ಪಂದವಾಗಿ ಈ ಏಣೇ ಎರಡು ರಾಜ್ಯಗಳ ಗಡಿಯಾಯಿತು. ಗಡಿ ಕಾಯಲು ಫ್ರೆಂಚ್ ದೊರೆಗಳು ಹಳೆಯ ಪುಟ್ಟ ಕೋಟೆಗಳನ್ನು ಕೆಡವಿ, ಹಿಗ್ಗಿಸಿ, ಹೊಸದಾಗಿ ಕಟ್ಟಿಸಿದರು. ಕೆರಿಬ್ಯೂಸ್, ಪೆಯ್ರ್‌ಪೆರ್ತ್ಯೂಸ್, ಪ್ವಿಲೋರೆನ್ಸ್, ತೆರ್ಮ್, ಅಗಿಲಾರ್ ಎಂಬ ಐದಕ್ಕೆ ಕಾರ್ಕಸೋನ್‌ನ ಐವರು ಮಕ್ಕಳು ಎಂದೇ ಹೆಸರಾಯಿತು. 1659ರಲ್ಲಿ ಗಡಿ ಪಿರೆನೀಸ್ ಪರ್ವತಕ್ಕೆ ಸರಿದಾಗ ನಾನೂರು ವರ್ಷದ ಕಾವಲು ಮುಗಿಯಿತು. ಕೋಟೆಗಳು ಹಾಳು ಬೀಳತೊಡಗಿದವು.

ಹತ್ತುವ ದಾರಿ ಉದ್ದವಲ್ಲ, ಆದರೆ ಗಾಳಿ ಬಿಡುವುದಿಲ್ಲ. ಬಡಗಣ ಬೆಟ್ಟಗಳಿಂದ ಬೀಸುವ ತ್ರಾಮೊಂತಾನ್ ಎಂಬ ಆ ಗಾಳಿ ಮೈಯನ್ನು ಗೋಡೆಗೆ ಒತ್ತುತ್ತದೆ. ಜೋರಾದ ದಿನ ಕೋಟೆಯ ಬಾಗಿಲನ್ನೇ ಮುಚ್ಚುತ್ತಾರಂತೆ. ಒಂದರ ಮೇಲೊಂದು ಮೂರು ಸುತ್ತು. ಪ್ರತಿ ತಿರುವಿನಲ್ಲೂ ಮೇಲಿನಿಂದ ಬಾಣ ಬಿಡುವ ಕಿಂಡಿ. ತುದಿಯ ಬುರುಜಿನೊಳಗೆ ಒಂದೇ ಕಂಬದ ಎತ್ತರವಾದ ಕೋಣೆ. ದುಂಡನೆಯ ಆ ಒಂಟಿ ಕಂಬದ ನೆತ್ತಿಯಿಂದ ಕಮಾನಿನ ನರಗಳು ನಾಲ್ಕೂ ಕಡೆಗೆ ಹರಡಿಕೊಂಡಿವೆ. ಕಾವಲಿನ ಒರಟು ಸೈನಿಕರಿಗಾಗಿ ಕಟ್ಟಿದ ಜಾಗದಲ್ಲಿ ಅಷ್ಟು ನವುರಾದ ಕೆಲಸ! ಕಟ್ಟಿಸಿದವನು ಗೆದ್ದವನಿರಬಹುದು, ಕಲ್ಲು ಕೆತ್ತಿದವನ ಕೈಗೆ ನಾನು ನಮಸ್ಕರಿಸಿದೆ.

ನನ್ನ ವೃತ್ತಿಯ ಕಾರಣಕ್ಕೋ ಏನೋ, ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ನೀರಿನ ತೊಟ್ಟಿಯ ಬಳಿ. ಇಂಥ ಸುಣ್ಣಕಲ್ಲಿನ ಬೆಟ್ಟದಲ್ಲಿ ಬಾವಿ ತೋಡಿದರೆ ನೀರು ಸಿಗುವುದಿಲ್ಲ, ಬಿದ್ದ ಮಳೆ ಸೀಳುಗಳಲ್ಲಿ ಇಂಗಿ ಬುಡಕ್ಕೆ ಹೋಗಿಬಿಡುತ್ತದೆ. ಛಾವಣಿಯ ಮೇಲೆ ಬಿದ್ದ ಹನಿಯನ್ನೇ ಹಿಡಿದು, ಒಳಗೋಡೆಗೆ ಗಾರೆ ಮೆತ್ತಿದ ತೊಟ್ಟಿಯಲ್ಲಿ ತುಂಬಿಟ್ಟುಕೊಳ್ಳಬೇಕು. ಕಾವಲಿಗೆ ಇದ್ದವರು ಒಂದು ಬೆಟ್ಟಕ್ಕೆ ಇಪ್ಪತ್ತು ಮೂವತ್ತು ಮಂದಿಯಷ್ಟೇ. ಅಷ್ಟು ಜನ ಎಷ್ಟು ತಿಂಗಳು ಮುತ್ತಿಗೆ ತಡೆಯಬಲ್ಲರು ಎಂಬುದನ್ನು ನಿರ್ಧರಿಸುತ್ತಿದ್ದದ್ದು ಗೋಡೆಯ ದಪ್ಪಕ್ಕಿಂತ ತೊಟ್ಟಿಯ ಆಳ. ನಮ್ಮ ಚಿತ್ರದುರ್ಗದ ಅಕ್ಕ-ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡಗಳ ಲೆಕ್ಕವೂ ಇದೇ. ಅಲ್ಲಿ ಬಂಡೆಯ ಇಳಿಜಾರೇ ಮಳೆಯನ್ನು ಹೊಂಡಕ್ಕೆ ತಂದು ಸುರಿಯುತ್ತದೆ. ಮಾರ್ಗದರ್ಶಿಗೆ ಅದನ್ನು ವಿವರಿಸಿದಾಗ ಆಕೆ ಪುಸ್ತಕ ತೆಗೆದು ಊರಿನ ಹೆಸರು ಬರೆದುಕೊಂಡರು. ಬುರುಜಿನ ನೆತ್ತಿಯಿಂದ ಒಂದು ಕಡೆ ಮೆಡಿಟರೇನಿಯನ್ ಸಮುದ್ರದ ಗೆರೆ, ಇನ್ನೊಂದು ಕಡೆ ಕಾನಿಗೂ ಪರ್ವತ, ವಾಯವ್ಯಕ್ಕೆ ನಾವು ಮಧ್ಯಾಹ್ನ ಹತ್ತಬೇಕಿದ್ದ ಪೆಯ್ರ್‌ಪೆರ್ತ್ಯೂಸ್.

ಊಟ ಕ್ಯೂಕ್ಯೂನ್ಯಾನ್ ಎಂಬ ಹಳ್ಳಿಯಲ್ಲಿ. ಮೇಲೆ ಗಾಳಿಯಂತ್ರ, ಕೆಳಗೆ ಇಕ್ಕಟ್ಟಾದ ಕಲ್ಲಿನ ಬೀದಿ. ಸಸ್ಯಾಹಾರಿಗಳಿಗೆಂದು ಮೇಕೆಹಾಲಿನ ಚೀಸು, ರೊಟ್ಟಿ, ತರಕಾರಿ ಕೊಟ್ಟರು. ದೀಕ್ಷೆ ಪಡೆದ ಕ್ಯಾಥರರು ಈ ಚೀಸನ್ನೂ ಮುಟ್ಟುತ್ತಿರಲಿಲ್ಲ ಎಂದು ಮಾರ್ಗದರ್ಶಿ ಹೇಳಿದರು. ಮಾಂಸ, ಮೊಟ್ಟೆ, ಹಾಲು, ಒಟ್ಟಿನಲ್ಲಿ ಪ್ರಾಣಿಗಳ ಸಂಗಮದಿಂದ ಬಂದದ್ದೆಲ್ಲ ವರ್ಜ್ಯ. ಮೀನಿಗೆ ಮಾತ್ರ ಅಡ್ಡಿಯಿರಲಿಲ್ಲ. ಕೊನೆಗಾಲದಲ್ಲಿ ದೀಕ್ಷೆ ಪಡೆದು ಅನ್ನ ಬಿಟ್ಟು ಪ್ರಾಣ ನೀಗಿದವರೂ ಇದ್ದರಂತೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿಧಿ ಶಾಸನಗಳನ್ನು ಬಲ್ಲ ಕನ್ನಡಿಗರಿಗೆ ಇದನ್ನು ಕೇಳಿ ಸುಮ್ಮನಿರಲಾಗುವುದಿಲ್ಲ. ಎರಡಕ್ಕೂ ಚಾರಿತ್ರಿಕ ನಂಟಿಲ್ಲ. ಆದರೆ ನಮ್ಮಲ್ಲಿ ಹಾಗೆ ದೇಹ ಬಿಟ್ಟವರ ಹೆಸರನ್ನು ಅವರನ್ನು ಗೌರವಿಸಿದವರೇ ಬಂಡೆಯ ಮೇಲೆ ಕೆತ್ತಿಸಿದರು. ಇಲ್ಲಿನವರ ಹೆಸರು ಉಳಿದಿರುವುದು ಅವರನ್ನು ವಿಚಾರಣೆಗೆ ಎಳೆತಂದವರ ಕಡತಗಳಲ್ಲಿ. ಪಾಮಿಯೇ ಬಿಷಪ್ ಜಾಕ್ ಫೂರ್ನಿಯೇ 1318ರಿಂದ 1325ರವರೆಗೆ ನಡೆಸಿದ ವಿಚಾರಣೆಯಲ್ಲಿ ಹಳ್ಳಿಯ ಕುರುಬರು, ವಿಧವೆಯರು ಆಡಿದ ಮಾತನ್ನೆಲ್ಲ ಬರೆಸಿಟ್ಟ. ಆತ ಮುಂದೆ ಪೋಪ್ ಆದ. ಆ ದಾಖಲೆಯಿಂದಲೇ ಇತಿಹಾಸಕಾರ ಲ ರುವಾ ಲಾದ್ಯೂರಿ 1975ರಲ್ಲಿ 'ಮೋಂತಾಯೂ' ಎಂಬ ಪುಸ್ತಕ ಬರೆದು ಒಂದು ಇಡೀ ಹಳ್ಳಿಯ ಬದುಕನ್ನು ನಮ್ಮ ಮುಂದಿಟ್ಟ. ಆ ಪಂಥದ ಕೊನೆಯ ಗುರುವೆಂದು ಗೊತ್ತಿರುವ ಗಿಯೋಮ್ ಬೆಲಿಬಾಸ್ತನನ್ನು 1321ರಲ್ಲಿ ಸುಟ್ಟದ್ದು ಇದೇ ಕೋರ್ಬಿಯೇರ್‌ನ ವಿಲ್‌ರೂಜ್ ಎಂಬ ಹಳ್ಳಿಯಲ್ಲಿ.

ಪೆಯ್ರ್‌ಪೆರ್ತ್ಯೂಸ್ ಎಂಟುನೂರು ಮೀಟರ್ ಎತ್ತರದ ಕಡಿದಾದ ಏಣಿನುದ್ದಕ್ಕೆ ಚಾಚಿದೆ. ಅಲ್ಲಿ ಆಕೆ ಗೋಡೆ ಓದುವುದನ್ನು ಕಲಿಸಿದರು. ಕೆಳಗಿನ ಭಾಗದಲ್ಲಿ ಹನ್ನೆರಡನೆಯ ಶತಮಾನದ ಪುಟ್ಟ ಇಗರ್ಜಿಯ ಹಳೆಯ ಕಲ್ಲುಕಟ್ಟು. ಅದಕ್ಕೆ ತಾಗಿದ ರಾಜಕಾಲದ ಗೋಡೆ. ಸೇರಿದ ಕಡೆ ಬಿಟ್ಟ ಗೆರೆ. ಆ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದರು. ತುದಿಯಲ್ಲಿ ಸಾನ್ ಜೋರ್ದಿ ಎಂಬ ಮೇಲುಕೋಟೆ, ಪೂರ್ತಿ ಒಂಬತ್ತನೆಯ ಲೂಯಿಯದು. ಅಲ್ಲಿಗೆ ಹೋಗಲು ಬಂಡೆಯ ಅಂಚಿನಲ್ಲೇ ಕಡಿದ ಮೆಟ್ಟಿಲು, 1242ರಲ್ಲಿ ಆ ದೊರೆಯ ಅಪ್ಪಣೆಯಂತೆ ಆದದ್ದು. ಸವೆದು ನುಣುಪಾದ ಆ ಮೆಟ್ಟಿಲುಗಳ ಒಂದು ಬದಿಗೆ ಪಾತಾಳ. ವಯಸ್ಸಾದ ಅತಿಥಿಗಳಿಗಾಗಿ ಆಕೆ ಕೆಳಗೇ ನಿಂತು, ಹತ್ತಬಲ್ಲವರನ್ನು ಮಾತ್ರ ಕಳಿಸಿದರು.

ಇಳಿಯುವಾಗ ಒಬ್ಬರು ನಿರಾಸೆಯಿಂದ ಕೇಳಿದರು: ಏಸುವಿನ ಪವಿತ್ರ ಪಾತ್ರೆಯನ್ನು ಕ್ಯಾಥರರು ಈ ಬೆಟ್ಟಗಳಲ್ಲಿ ಬಚ್ಚಿಟ್ಟಿದ್ದರು ಎನ್ನುತ್ತಾರಲ್ಲ? ಅದು 1930ರ ದಶಕದಲ್ಲಿ ಒಟ್ಟೊ ರಾನ್ ಎಂಬ ಜರ್ಮನ್ ಲೇಖಕ ಹಬ್ಬಿಸಿದ ಕಥೆ. ಆತ ಆಮೇಲೆ ನಾಜಿಗಳ ಎಸ್‌ಎಸ್ ಪಡೆ ಸೇರಿದ ಎಂದು ಆಕೆ ಹೇಳಿದರು. ಕಥೆ ಮಾರಾಟವಾಗುತ್ತದೆ, ಅಂಗಡಿಗಳಲ್ಲಿ ಕ್ಯಾಥರ್ ಪದಕ, ಕ್ಯಾಥರ್ ಜೇನುತುಪ್ಪ ಎಲ್ಲ ಸಿಗುತ್ತವೆ. ಈ ಬಡ ಬೆಟ್ಟಸೀಮೆ ಅದರಿಂದ ಬದುಕಿಕೊಂಡಿದೆ ಎಂಬುದನ್ನೂ ಆಕೆ ಒಪ್ಪಿದರು. ಆದರೆ ಈಗ ಕಾರ್ಕಸೋನ್ ಮತ್ತು ಮೋಂಸೆಗೂರ್ ಸೇರಿ ಎಂಟು ತಾಣಗಳನ್ನು ಯುನೆಸ್ಕೋ ಪಟ್ಟಿಗೆ ಸೇರಿಸಬೇಕೆಂದು ಹೊರಟವರು ಅವನ್ನು ರಾಜರ ಕೋಟೆಗಳೆಂದೇ ಕರೆದಿದ್ದಾರೆ. ಅದು ಸರಿಯಾದ ಕೆಲಸ ಎಂದು ನನಗನ್ನಿಸುತ್ತದೆ. ಸತ್ತವರ ಹೆಸರನ್ನು ಅವರನ್ನು ಕೊಂದವರ ಗೋಡೆಯ ಮೇಲೆ ಬರೆದರೆ ಸತ್ತವರಿಗೆ ಗೌರವ ಸಲ್ಲಿಸಿದಂತಲ್ಲ. ಕ್ಯಾಥರರನ್ನು ನೆನೆಯಬೇಕಾದ ಜಾಗ ಮೋಂಸೆಗೂರ್ ಬುಡದ ಆ ಬಯಲು, ಅಲ್ಲಿರುವ ಚಿಕ್ಕ ಸ್ಮಾರಕದ ಕಲ್ಲು.

ಅತಿಥಿಯ ಮೆಚ್ಚುಗೆಗಾಗಿ ಇದ್ದದ್ದನ್ನು ಬಣ್ಣ ಕಟ್ಟಿ ಹೇಳದ ಆ ಆತಿಥ್ಯ ನನಗೆ ಬಹಳ ದೊಡ್ಡದೆಂದು ತೋರಿತು. ಬೆಂಗಳೂರಿನಲ್ಲಿ ವರ್ಷವಿಡೀ ಸಮ್ಮೇಳನಗಳು ನಡೆಯುತ್ತವೆ. ಹೊರಗಿನಿಂದ ಬಂದವರಿಗೆ ಒಂದು ಸಂಜೆ ಅಂಗಡಿ ಬೀದಿ, ಬಿಡುವಾದರೆ ಮೈಸೂರು ಅರಮನೆ. ಅಲ್ಲಿಗೆ ನಮ್ಮ ಜವಾಬ್ದಾರಿ ಮುಗಿಯಿತು ಎಂದುಕೊಳ್ಳುತ್ತೇವೆ. ತುಲೂಸಿನಿಂದ ಕೆರಿಬ್ಯೂಸ್ ಎಷ್ಟು ದೂರವೋ ಬೆಂಗಳೂರಿನಿಂದ ಚಿತ್ರದುರ್ಗವೂ ಹೆಚ್ಚುಕಡಿಮೆ ಅಷ್ಟೇ, ಇನ್ನೂರು ಕಿಲೋಮೀಟರ್. ದುರ್ಗದಲ್ಲಿ ಒನಕೆ ಓಬವ್ವನ ಕಿಂಡಿ ತೋರಿಸುವಾಗ 1972ರ 'ನಾಗರಹಾವು' ಚಿತ್ರದ ಹಾಡು ಎಲ್ಲಿ ತೆಗೆದರೆಂಬುದನ್ನೂ ಸಂತೋಷದಿಂದ ಹೇಳುತ್ತೇವೆ. ಅದು ಇರಲಿ. ಅದರ ಜೊತೆಗೆ ನಾಯಕರು ಕಟ್ಟಿಸಿದ ಗೋಡೆ ಯಾವುದು, 1779ರಲ್ಲಿ ಕೋಟೆ ಹೈದರ್ ಅಲಿಯ ಕೈಸೇರಿದ ಮೇಲೆ ಬಲಪಡಿಸಿದ್ದು ಯಾವುದು, ಬಂಡೆಯಿಂದ ಹೊಂಡಕ್ಕೆ ನೀರು ಹೇಗೆ ಇಳಿಯುತ್ತದೆ ಎಂದು ಬೆರಳಿಟ್ಟು ತೋರಿಸುವವರೂ ಬೇಕು. ಅಂಥ ಬಲ್ಲವರು ಚಿತ್ರದುರ್ಗದಲ್ಲಿ, ಮಧುಗಿರಿಯಲ್ಲಿ ಇದ್ದಾರೆ; ಅವರನ್ನು ಹುಡುಕಿ ಕರೆಯುವವರಿಲ್ಲ. ಸಮ್ಮೇಳನ ನಡೆಸುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಸಲ ಕಾರ್ಯಕ್ರಮದ ನಡುವೆ ಒಂದು ಇಡೀ ದಿನ ಬಿಡಿ, ಬೆಳಗಿನ ಆರಕ್ಕೆ ಬಸ್ಸು ಹೊರಡಿಸಿ, ಸ್ಥಳೀಯ ಇತಿಹಾಸ ಬಲ್ಲ ಒಬ್ಬರಿಗೆ ಭಾಷಣಕಾರರಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟು ಜೊತೆಗೆ ಕಳಿಸಿ.