ಕೊನೆಯ ಚೆಂಡು ಯಾರ ಕೈಗೆ?



"ಒಬ್ಬ ಗಟ್ಟಿ ಆಟಗಾರ ಇದ್ದರೆ ಸಾಕು, ತಂಡ ಗೆದ್ದ ಹಾಗೇ" ಅಂತ ನಮ್ಮ ತರಗತಿಯಲ್ಲಿ ತುಂಬಾ ಜನ ಹೇಳುತ್ತಾರೆ. ನನಗೆ ಈ ಮಾತು ಸರಿ ಕಾಣುವುದಿಲ್ಲ. ಯಾಕೆ ಅಂತ ಹೇಳಲು ದೂರದ ಅಮೆರಿಕದ ಒಂದು ಬ್ಯಾಸ್ಕೆಟ್‌ಬಾಲ್ ತಂಡದ ಕಥೆ ಬರೆಯುತ್ತಿದ್ದೇನೆ. ಅದು ಷಿಕಾಗೋ ಬುಲ್ಸ್. 1893ರಲ್ಲಿ ಸ್ವಾಮಿ ವಿವೇಕಾನಂದರು ಭಾಷಣ ಮಾಡಿದರಲ್ಲ, ಅದೇ ಷಿಕಾಗೋ. ಬುಲ್ಸ್ ಅಂದರೆ ಗೂಳಿಗಳು.

ಮೊದಲು ಆಟದ ಬಗ್ಗೆ ನಾಲ್ಕು ಮಾತು. ಅಲ್ಲಿ ಎನ್.ಬಿ.ಎ. ಎಂಬ ವೃತ್ತಿಪರ ಲೀಗ್ ಇದೆ. ಆಟವೇ ಅವರ ಕಸುಬು, ಅದಕ್ಕೇ ಸಂಬಳ. ಅಂಕಣದಲ್ಲಿ ಒಂದೊಂದು ಕಡೆ ಐದೈದು ಜನ. ರಿಂಗಿನ ಎತ್ತರ ಹತ್ತು ಅಡಿ. ಚೆಂಡು ಸಿಕ್ಕ ಮೇಲೆ 24 ಸೆಕೆಂಡಿನೊಳಗೆ ರಿಂಗಿನ ಕಡೆ ಎಸೆಯಲೇಬೇಕು. ಪಂದ್ಯ 48 ನಿಮಿಷ. ಒಂದು ವರ್ಷದ ಲೀಗಿನಲ್ಲಿ ಒಂದು ತಂಡ 82 ಪಂದ್ಯ ಆಡುತ್ತದೆ. ಆಮೇಲೆ ಪ್ಲೇಆಫ್. ಅದರಲ್ಲಿ ಈಗಿನ ನಿಯಮದ ಪ್ರಕಾರ ಪ್ರತಿ ಸುತ್ತಿನಲ್ಲೂ ಒಂದೇ ಎದುರಾಳಿಯನ್ನು ನಾಲ್ಕು ಸಲ ಸೋಲಿಸಬೇಕು. ಒಂದು ದಿನದ ಅದೃಷ್ಟದಿಂದ ಇಲ್ಲಿ ಚಾಂಪಿಯನ್ ಆಗಲು ಆಗೋದಿಲ್ಲ.

ಮೈಕೆಲ್ ಜೋರ್ಡಾನ್ ಬುಲ್ಸ್ ತಂಡಕ್ಕೆ ಸೇರಿದ್ದು 1984ರಲ್ಲಿ. 1986ರ ಏಪ್ರಿಲ್ 20ರಂದು ಬಾಸ್ಟನ್ ತಂಡದ ವಿರುದ್ಧ ಅವರೊಬ್ಬರೇ 63 ಅಂಕ ಗಳಿಸಿದರು. ಗೆದ್ದಿರಬೇಕು ಅಂತ ತಾನೇ ನೀವು ಅಂದುಕೊಂಡಿದ್ದು? ಇಲ್ಲ. ಬುಲ್ಸ್ 131-135ರಿಂದ ಸೋತಿತು. ಆ ಸರಣಿಯನ್ನೇ 0-3ರಿಂದ ಸೋತಿತು. ಮುಂದಿನ ಲೀಗಿನಲ್ಲಿ ಅವರ ಸರಾಸರಿ ಪಂದ್ಯಕ್ಕೆ 37.1 ಅಂಕ, ಇಡೀ ಲೀಗಿಗೇ ಮೊದಲನೆಯದು. ಆಗಲೂ ತಂಡ ಮೊದಲ ಸುತ್ತಿನಲ್ಲೇ ಹೊರಗೆ. 1988, 1989, 1990, ಈ ಮೂರು ವರ್ಷವೂ ಡೆಟ್ರಾಯಿಟ್ ಪಿಸ್ಟನ್ಸ್ ತಂಡ ಅವರ ದಾರಿಗೆ ಅಡ್ಡ ನಿಂತಿತು. ಜೋರ್ಡಾನ್ ಅವರನ್ನು ಇಬ್ಬರು ಮೂವರು ಸೇರಿ ಸುತ್ತುವರಿದರೆ ಸಾಕು ಅಂತ ಡೆಟ್ರಾಯಿಟ್‌ನವರಿಗೆ ಗೊತ್ತಾಗಿಬಿಟ್ಟಿತ್ತು.

ಹಾಗಾದರೆ 1991ರಲ್ಲಿ ಗೆದ್ದದ್ದು ಹೇಗೆ? ಜೋರ್ಡಾನ್ ಮೊದಲೇ ಗಟ್ಟಿಗರು. ಬದಲಾಗಿದ್ದು ಅವರ ಸುತ್ತಲಿನ ತಂಡ. 1987ರಲ್ಲಿ ಸ್ಕಾಟಿ ಪಿಪ್ಪೆನ್, ಹೊರೇಸ್ ಗ್ರಾಂಟ್ ಬಂದು ಸೇರಿದ್ದರು. 1989ರಲ್ಲಿ ಫಿಲ್ ಜಾಕ್ಸನ್ ಮುಖ್ಯ ಕೋಚ್ ಆದರು. ಟೆಕ್ಸ್ ವಿಂಟರ್ ಎಂಬ ಹಿರಿಯ ಸಹಾಯಕ ಕೋಚ್ ಕಲಿಸಿದ ತ್ರಿಕೋನ ಪದ್ಧತಿಯನ್ನು ಅವರು ತಂಡಕ್ಕೆ ರೂಢಿ ಮಾಡಿಸಿದರು. ಅದರಲ್ಲಿ ಮೂವರು ಒಂದು ಬದಿಯಲ್ಲಿ ತ್ರಿಕೋನದಂತೆ ನಿಲ್ಲುತ್ತಾರೆ. ಎದುರಾಳಿ ಯಾರನ್ನು ಬಿಟ್ಟು ದೂರ ಹೋಗುತ್ತಾನೋ ಅವರ ಕೈಗೆ ಚೆಂಡು. ಇಂಥವನೇ ಎಸೆಯಬೇಕು ಅಂತ ಮೊದಲೇ ಗೊತ್ತು ಮಾಡುವುದಿಲ್ಲ.

1991ರ ಫೈನಲ್‌ನ ಐದನೇ ಪಂದ್ಯ, ಎದುರಿಗೆ ಲಾಸ್ ಏಂಜಲೀಸ್ ಲೇಕರ್ಸ್. ಎಲ್ಲರೂ ಜೋರ್ಡಾನ್ ಹಿಂದೆ ಓಡುತ್ತಿದ್ದಾಗ ಜಾನ್ ಪ್ಯಾಕ್ಸನ್ ಎಂಬ ಆಟಗಾರ ಖಾಲಿ ಜಾಗದಲ್ಲಿ ನಿಂತಿರುತ್ತಿದ್ದರು. ಜೋರ್ಡಾನ್ ಅವರಿಗೆ ಚೆಂಡು ಕೊಟ್ಟರು. ಪ್ಯಾಕ್ಸನ್ ಆ ದಿನ 20 ಅಂಕ ಗಳಿಸಿದರು. ಬುಲ್ಸ್ 4-1ರಿಂದ ಮೊದಲ ಸಲ ಚಾಂಪಿಯನ್ ಆಯಿತು. 1993ರ ಫೈನಲ್‌ನ ಆರನೇ ಪಂದ್ಯದಲ್ಲಿ ಫೀನಿಕ್ಸ್ ತಂಡ 98-96ರಿಂದ ಮುಂದಿತ್ತು. ಇನ್ನು ಕೆಲವೇ ಸೆಕೆಂಡು. ಚೆಂಡು ಜೋರ್ಡಾನ್‌ರಿಂದ ಪಿಪ್ಪೆನ್‌ಗೆ, ಪಿಪ್ಪೆನ್‌ರಿಂದ ಗ್ರಾಂಟ್‌ಗೆ, ಗ್ರಾಂಟ್‌ರಿಂದ ಮತ್ತೆ ಅದೇ ಪ್ಯಾಕ್ಸನ್‌ಗೆ ಬಂತು. ದೂರದಿಂದ ಎಸೆದರು, ಮೂರು ಅಂಕ, 99-98! 1997ರಲ್ಲಿ ಯೂಟಾ ವಿರುದ್ಧದ ಆರನೇ ಪಂದ್ಯ 86-86 ಇದ್ದಾಗಲೂ ಹೀಗೇ ಆಯಿತು. ಇಬ್ಬರು ಮೇಲೆ ಬಿದ್ದಾಗ ಜೋರ್ಡಾನ್ ಚೆಂಡನ್ನು ಸ್ಟೀವ್ ಕೆರ್ ಕೈಗೆ ಕೊಟ್ಟರು. ಕೆರ್ ಹಾಕಿದರು, ತಂಡ ಗೆದ್ದಿತು.

ಇನ್ನು ಡೆನ್ನಿಸ್ ರಾಡ್‌ಮನ್. 1995-96ರಲ್ಲಿ ಅವರು ಗಳಿಸಿದ್ದು ಪಂದ್ಯಕ್ಕೆ ಸರಾಸರಿ 5.5 ಅಂಕ ಅಷ್ಟೇ. ಆದರೆ ರಿಂಗಿಗೆ ಬೀಳದೆ ಪುಟಿದು ಬಂದ ಚೆಂಡನ್ನು ಹಿಡಿಯುವುದರಲ್ಲಿ, ಅಂದರೆ ರೀಬೌಂಡ್‌ನಲ್ಲಿ, ಸರಾಸರಿ 14.9. ಲೀಗಿಗೇ ಮೊದಲಿಗರು. ಆ ವರ್ಷ ಬುಲ್ಸ್ 82ರಲ್ಲಿ 72 ಪಂದ್ಯ ಗೆದ್ದು ಚಾಂಪಿಯನ್ ಆಯಿತು.

ಹಾಗಂತ ದೊಡ್ಡ ಆಟಗಾರ ಬೇಡವೇ ಬೇಡ ಅಂತ ನಾನು ಹೇಳೋದಿಲ್ಲ. 1993-94ರಲ್ಲಿ ಜೋರ್ಡಾನ್ ಆಡಲಿಲ್ಲ. ತಂಡ ಲೀಗಿನಲ್ಲಿ 55 ಪಂದ್ಯ ಗೆದ್ದಿತು, ಆದರೆ ಚಾಂಪಿಯನ್ ಆಗಲಿಲ್ಲ. ಅವರು ಒಬ್ಬರೇ ಇದ್ದಾಗ ಗೆಲುವಿಲ್ಲ, ಅವರಿಲ್ಲದೆಯೂ ಗೆಲುವಿಲ್ಲ. ಎರಡೂ ಕೂಡಿದಾಗ 1991ರಿಂದ 1998ರೊಳಗೆ ಆರು ಸಲ ಗೆಲುವು. ನನಗೆ ತಿಳಿದ ಮಟ್ಟಿಗೆ ಗುಟ್ಟು ಇಷ್ಟೇ. ದೊಡ್ಡವರಿಗೆ ಚೆಂಡು ಬಿಟ್ಟುಕೊಡುವ ಮನಸ್ಸಿರಬೇಕು. ಚಿಕ್ಕವರು ಅದು ಬಂದಾಗ ಕೈ ನಡುಗದಷ್ಟು ಅಭ್ಯಾಸ ಮಾಡಿರಬೇಕು. ಚೆಂಡು ವರ್ಷಕ್ಕೊಮ್ಮೆ ಬರಬಹುದು, ಅಭ್ಯಾಸ ಮಾತ್ರ ದಿನಾ ಬೇಕು.

ಇದನ್ನು ಬರೆಯಲು ನನಗೆ ನನ್ನದೇ ಕಾರಣವೂ ಇದೆ. ನಮ್ಮ ಕಬಡ್ಡಿ ತಂಡದಲ್ಲಿ ನಾನು ಹಿಡಿಯುವವಳು. ರೈಡ್ ಹೋಗಿ ಬಂದವಳಿಗೆ ಚಪ್ಪಾಳೆ, ಕಾಲು ಹಿಡಿದು ಮಣ್ಣಲ್ಲಿ ಬಿದ್ದವಳ ಹೆಸರು ಯಾರೂ ಕೂಗಲ್ಲ. ಹೋಬಳಿ ಮಟ್ಟದ ಪಂದ್ಯ ಹತ್ತಿರ ಬಂತೆಂದರೆ "ನಾ ರೈಡ್ ಹೋಗ್ತೀನಿ, ನಾ ಹೋಗ್ತೀನಿ" ಅಂತ ಜಗಳ. ಮೊಣಕೈ ತರಚಿಕೊಂಡು ಮನೆಗೆ ಹೋದಾಗ ಅವ್ವ "ನಿಂಗ್ಯಾಕೆ ಬೇಕಿತ್ತೇ ಇದು?" ಅಂತಾಳೆ. ಈ ವರ್ಷ ತಂಡ ಬಿಟ್ಟೇಬಿಡೋಣ ಅನ್ನಿಸಿತ್ತು. ಪ್ಯಾಕ್ಸನ್, ರಾಡ್‌ಮನ್ ಕಥೆ ತಿಳಿದ ಮೇಲೆ ಆ ಯೋಚನೆ ಬಿಟ್ಟೆ. ಏಳು ಜನರೂ ರೈಡ್‌ಗೇ ನಿಂತರೆ ಹಿಡಿಯೋರು ಯಾರು ಹೇಳಿ?

ನಮ್ಮ ರೈಡರ್‌ಗಳಿಗೆ ನನ್ನದೊಂದು ಮಾತು: ನೀವು ಚೆನ್ನಾಗಿ ಆಡ್ತೀರಿ, ನಮ್ಮನ್ನೂ ನಂಬಿ. ಹಿಡಿಯುವವರಿಗೂ ಒಂದು ಮಾತು: ಸಂಜೆ ಅಭ್ಯಾಸ ತಪ್ಪಿಸಬೇಡಿ. ಇದನ್ನು ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ, ನಾನು ಓದುತ್ತೇನೆ.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ