ಬದುವಿಲ್ಲದ ಹೊಲ

ನಮ್ಮ ದುದ್ದದ ಕಡೆಯವರಿಗೆ ನೀರೆಂದರೆ ಕೆರೆ. ಕೆರೆಗೊಂದು ಏರಿ, ಏರಿಗೊಂದು ತೂಬು. ಆಚೆ ದಡದಲ್ಲಿ ಮೇಯುವ ಎಮ್ಮೆ ಯಾರದೆಂಬುದು ಈಚೆ ದಡದಲ್ಲಿ ನಿಂತವರಿಗೂ ಗೊತ್ತು. ಇಂಥ ನೀರನ್ನು ನೋಡಿ ಬೆಳೆದವನಿಗೆ ಕಡಲಿನ ಮೊದಲ ತೊಡಕೆಂದರೆ ಅದಕ್ಕೆ ಆಚೆ ದಡವೇ ಇಲ್ಲದಿರುವುದು.

ಹೋದ ಕಾರ್ತಿಕದಲ್ಲಿ ಶಿರಾಡಿ ಘಾಟಿ ಇಳಿದು ಮಲ್ಪೆಗೆ ಹೋಗಿದ್ದೆ. ಅಲ್ಲಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಪ್ರವಾಸಿಗರ ದೋಣಿಯುಂಟು. ಜೊತೆಯವರೆಲ್ಲ ದ್ವೀಪದಲ್ಲಿ ಕಂಬಕಂಬವಾಗಿ ನಿಂತ ಕಲ್ಲುಗಳನ್ನು ನೋಡುವ ಆತುರದಲ್ಲಿದ್ದರು. ನನ್ನ ಕಣ್ಣು ಮಾತ್ರ ಪಡುವಣದಲ್ಲಿ ಚದುರಿದ್ದ ಮೀನಿನ ಬೋಟುಗಳ ಮೇಲೆ ನೆಟ್ಟಿತು.

ಅವುಗಳಲ್ಲೊಂದು, ರೋಣಗಲ್ಲಿಗೆ ಕಟ್ಟಿದ ಎತ್ತು ಕಣ ಸುತ್ತುವ ಹಾಗೆ, ಸುತ್ತು ಹಾಕುತ್ತಿತ್ತು. ಮೇಲೆ ಹಕ್ಕಿಗಳ ಗದ್ದಲ. “ಪರ್ಸೀನ್ ಬೋಟು,” ಎಂದರು ದೋಣಿ ನಡೆಸುವವರು. ಮೀನಿನ ಹಿಂಡು ಕಂಡೊಡನೆ ಬೋಟು ಅದರ ಸುತ್ತ ಬಲೆ ಬಿಡುತ್ತ ಬರುತ್ತದೆ. ಬಲೆಯ ಮೇಲಂಚಿಗೆ ತೇಲುವ ಬೆಂಡು. ಕೆಳಂಚಿಗೆ ಭಾರ, ಸಾಲಾಗಿ ಬಳೆಗಳು. ಆ ಬಳೆಗಳಲ್ಲಿ ಪೋಣಿಸಿದ ಹಗ್ಗವನ್ನೆಳೆದರೆ ತಳ ಮುಚ್ಚಿಕೊಳ್ಳುತ್ತದೆ. ನಮ್ಮಜ್ಜಿಯ ಎಲೆಅಡಿಕೆ ಸಂಚಿಯೂ ಇದೇ ಸೂತ್ರದ್ದು; ಅದರ ಬಾಯಿ ಮೇಲಿತ್ತು, ಇದರದು ಕೆಳಗೆ, ಅಷ್ಟೆ.

ಹತ್ತಾರು ಜನ ಸಾಲಾಗಿ ನಿಂತು ಬಲೆಯೆಳೆದರು. ಬಂಗುಡೆಯೋ ಬೂತಾಯಿಯೋ, ದೂರಕ್ಕೆ ಬೆಳ್ಳಿಯ ಮಿಣುಕಷ್ಟೇ ಕಂಡಿತು.

“ಫಸಲು ಚೆನ್ನಾಗಿದೆ ಅಂತ ಕಾಣುತ್ತೆ, ಅಣ್ಣಾ,” ಎಂದೆ.

“ಇವರಿಗೆ ಸಿಕ್ಕಿದ ದಿನ ಎಲ್ಲರಿಗೂ ಸಿಗ್ತದೆ ಮಾರಾಯ್ರೇ. ಆಗ ಬಂದರಿನ ಹರಾಜಿನಲ್ಲಿ ರೇಟೇ ಇರುವುದಿಲ್ಲ.”

ಈ ಮಾತು ಕೇಳಲು ಕಡಲಿಗೇ ಬರಬೇಕಾಗಿರಲಿಲ್ಲ. ಆಲೂಗಡ್ಡೆ ಬೆಳೆದು ಮಂಡಿಗೆ ಹೊತ್ತ ನಮ್ಮ ತಾಲ್ಲೂಕಿನ ರೈತರೆಲ್ಲ ಆಡುವ ಮಾತು ಇದು. ಅಂಗಮಾರಿ ಬಿದ್ದರೆ ಬೆಳೆಯಿಲ್ಲ, ಬೀಳದಿದ್ದರೆ ಬೆಲೆಯಿಲ್ಲ.

ಆದರೂ ನಮ್ಮ ಹೊಲಕ್ಕೆ ಬದುವಿದೆ. ನಾನು ಬಿತ್ತಿದ್ದನ್ನು ನೆರೆಯವನು ಅಗೆದುಕೊಳ್ಳಲಾರ. ಕಡಲಲ್ಲಿ ಮೀನು ಬಲೆ ಬೀಸಿದವನ ಪಾಲು. ಒಂದು ಕಾಲಕ್ಕೆ ಕರಾವಳಿಯಲ್ಲಿ ರಂಪಣಿಯದೇ ದರಬಾರು. ದೋಣಿಯಿಂದ ಅರ್ಧಚಂದ್ರದಂತೆ ಹರಡಿದ ಬಲೆಯ ಎರಡೂ ತುದಿಗಳನ್ನು ಊರಿನ ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು, ಎಳೆದವರಿಗೆಲ್ಲ ಪಾಲು. 1970ರ ದಶಕದ ನಡುವಿನಲ್ಲಿ ಬಂದ ಪರ್ಸೀನ್ ಬೋಟುಗಳು ಹಿಂಡನ್ನು ಕಡಲಲ್ಲೇ ಸುತ್ತುವರಿದವು. ದಡದಲ್ಲಿ ಕಾದವರ ಬಲೆ ಹಗುರಾಯಿತು. ಜಗಳಗಳಾದವು, ಕೆಲವೇ ವರ್ಷಗಳಲ್ಲಿ ರಂಪಣಿ ಹಿಂದೆ ಸರಿಯಿತು. ಈಗ ಮೀನು ಮರಿಮಾಡಲೆಂದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ನೆಲದ ಬದುವಿಲ್ಲದಲ್ಲಿ ಕಾಲದ ಬದು ಹಾಕಿದ್ದಾರೆ.

ಆ ಹೊಲಕ್ಕೆ ಹೋದವರು ಸಂಜೆ ಮನೆ ಸೇರುವ ಖಾತ್ರಿಯೂ ಇಲ್ಲ. 2018ರ ಡಿಸೆಂಬರ್ 13ರಂದು ಇದೇ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಜನರೊಡನೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲತಳದಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿತು. ಏಳು ಜನ ಮರಳಲಿಲ್ಲ.

ಮಂಜುಗಡ್ಡೆಯ ನೀರು ಸೋರಿಸುತ್ತ ಘಾಟಿ ಹತ್ತುವ ಮೀನಿನ ಲಾರಿ ಕಂಡರೆ ಮೂಗು ಮುಚ್ಚುವವರು ನಮ್ಮಲ್ಲಿ ಬಹಳ. ತಿನ್ನುವವರು ತಿನ್ನಲಿ, ಬಿಡುವವರು ಬಿಡಲಿ. ಅದು ಅವರವರ ಮನೆಯ ಮಾತು. ಮಂಡಿಯಲ್ಲಿ ದಲ್ಲಾಳಿ ನಮ್ಮ ಮೂಟೆಯ ಮೇಲೆ ಕೈಯಿಟ್ಟು ಬೆಲೆ ಇಳಿಸಿದಾಗ ಹೊಟ್ಟೆಯುರಿಯುತ್ತದಲ್ಲ, ಬಂಗುಡೆಯ ಬುಟ್ಟಿಯ ಮುಂದೆ ನಾವು ಚೌಕಾಸಿಗೆ ಕೂತಾಗ ಆ ಉರಿಯೊಂದು ನೆನಪಾದರೆ ಸಾಕು.